ಬೈತಲೆ ಅಗಲವಾದಾಗ

ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸ್ ಎದುರು ಹೂ ಮಾರುವ ಹೆಂಗಸು ನನಗೆ ಹದಿನೈದು ವರ್ಷದ ಪರಿಚಯ. ನಾಲ್ಕು ವರ್ಷದ ಹಿಂದೆ, ಶ್ರಾವಣದ ಒಂದು ಶುಕ್ರವಾರ, ಮಲ್ಲಿಗೆ ಒಂದು ಮೊಳ ಅಳೆಯಲು ಕೈ ಚಾಚಿದವರು ನನ್ನ ತಲೆ ಕಡೆ ನೋಡಿ, “ಅಕ್ಕಾ, ಈ ಸಲ ಕನಕಾಂಬರ ತಗೊಳ್ಳಿ. ಹಗುರ ಇರ್ತದೆ, ಜಾರಲ್ಲ” ಅಂದರು. ನನಗಾಗ ನಲವತ್ತಾರು. ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ಮಾಯ; ಬಂದಾಗ ಹಳ್ಳ ಹರಿದ ಹಾಗೆ. ಜಡೆಗೆ ಎರಡು ಸುತ್ತು ಬರುತ್ತಿದ್ದ ರಬ್ಬರ್ ಬ್ಯಾಂಡು ನಾಲ್ಕು ಸುತ್ತು ಬರತೊಡಗಿತ್ತು. ಅದು ಗೊತ್ತಾಗಿತ್ತು, ಆದರೆ ರಬ್ಬರ್ ಬ್ಯಾಂಡೇ ಸಡಿಲವಾಗಿದೆ ಎಂದುಕೊಂಡಿದ್ದೆ.

ಅಲ್ಲಿಂದ ಮುಂದೆ ಎಲ್ಲಿ ಹೋದರೂ ನನ್ನ ಕಣ್ಣು ಹೆಂಗಸರ ನೆತ್ತಿಯ ಮೇಲೇ. ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಲು ಸಾಲಾಗಿ ತಲೆ ಬಗ್ಗಿಸಿ ಕೂತವರನ್ನು ನಿಂತು ನೋಡಿದರೆ ಸಾಕು: ನಲವತ್ತು ದಾಟಿದ ಎಷ್ಟೋ ಜನರ ಬೈತಲೆ ಗೆರೆಯಾಗಿ ಉಳಿದಿಲ್ಲ, ದಾರಿಯಾಗಿದೆ. ಥಾಯ್ಲೆಂಡಿನಲ್ಲಿ ಮುಟ್ಟು ನಿಂತ ಹೆಂಗಸರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 52 ಮಂದಿಗೆ ಈ ಬಗೆಯ ಕೂದಲು ತೆಳುವಾಗುವಿಕೆ ಇತ್ತು. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51 ಆದರೆ ನಮ್ಮಲ್ಲಿ ಅದು 46–47ರ ಆಸುಪಾಸು. ನಿಲ್ಲುವುದಕ್ಕೆ ಮುಂಚಿನ ಏರುಪೇರಿನ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಹೆಂಗಸರಿಗೆ ಈ ಕಥೆ ನಲವತ್ತರ ಹೊಸ್ತಿಲಲ್ಲೇ ಶುರು. ಡಾಕ್ಟರುಗಳು ಪೆರಿಮೆನೋಪಾಸ್ ಅನ್ನುವ ಆ ಕಾಲಕ್ಕೆ ನಮ್ಮ ಮನೆಗಳಲ್ಲಿ ಸರಿಯಾದ ಹೆಸರೂ ಇಲ್ಲ. “ನಿಲ್ಲೋ ಟೈಮು ಕಣೇ” ಅಂದು ಮುಗಿಸುತ್ತೇವೆ.

ಈ ನಾಲ್ಕು ವರ್ಷದಲ್ಲಿ ನಾನು ಓದಿದ್ದು, ಕೇಳಿದ್ದು, ತಲೆಗೆ ಹಚ್ಚಿದ್ದು ಎಲ್ಲವನ್ನೂ ಒಂದು ಕಡೆ ಇಟ್ಟು ನೋಡುವ ಪ್ರಯತ್ನ ಇದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದಕ್ಷಿಣ ಬೆಂಗಳೂರಿನಲ್ಲಿ ನಾವು ಕೂದಲಿಗೆಂದು ಸುರಿಯುವ ದುಡ್ಡಿನ ಬಹುಪಾಲು, ಕಾರಣ ಪತ್ತೆ ಮಾಡುವುದಕ್ಕೆ ಮುಂಚೆಯೇ ಖರ್ಚಾಗಿ ಹೋಗುತ್ತದೆ.

ಮೊದಲ ಆರೋಪಿ ನೀರು. ಜೆ.ಪಿ. ನಗರದ 7, 8ನೇ ಹಂತ, ಬನಶಂಕರಿ 6ನೇ ಹಂತ, ಬಿಟಿಎಂ ಲೇಔಟಿನ ಪಿ.ಜಿ.ಗಳು, ಅಪಾರ್ಟ್‌ಮೆಂಟುಗಳು, ಎಲ್ಲೇ ಕೇಳಿ, “ಬೋರ್‌ವೆಲ್ ನೀರು ರೀ, ಅದಕ್ಕೇ” ಎಂಬ ಉತ್ತರ ಸಿದ್ಧವಾಗಿರುತ್ತದೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದು ಕೂತ ದಿನಗಳಲ್ಲಂತೂ ಉದುರಿದ ಪ್ರತಿ ಕೂದಲೂ ಟ್ಯಾಂಕರಿನವನ ಲೆಕ್ಕಕ್ಕೆ ಹೋಯಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ 5ನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ನಗರದ ಹೊರವಲಯದ 110 ಹಳ್ಳಿಗಳಿಗೆ ಬರುತ್ತದೆ ಎಂದಾಗ, ನನ್ನ ತಂಗಿಯ ವಾಟ್ಸಾಪ್ ಗುಂಪಿನಲ್ಲಿ ಹೆಂಗಸರು ಮೊದಲು ಸಂಭ್ರಮಿಸಿದ್ದು ಕುಡಿಯುವ ನೀರಿಗಲ್ಲ, ಕೂದಲಿಗೆ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಶಾಂಪೂ ಸರಿಯಾಗಿ ನೊರೆಗಟ್ಟುವುದಿಲ್ಲ, ಕೂದಲು ನಾರಿನ ಹಾಗಾಗುತ್ತದೆ, ಸಿಕ್ಕು ಬಿಡಿಸುವಾಗ ಮುರಿಯುತ್ತದೆ. ಇಷ್ಟು ನಿಜ. ಆದರೆ ಗಡಸು ನೀರಿನಲ್ಲಿಟ್ಟ ಕೂದಲನ್ನೂ ಬಟ್ಟಿ ಇಳಿಸಿದ ನೀರಿನಲ್ಲಿಟ್ಟ ಕೂದಲನ್ನೂ ಎಳೆದು ಪರೀಕ್ಷಿಸಿದ, 2013ರಲ್ಲಿ ಭಾರತದ ವೈದ್ಯರೇ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಎರಡರ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಿರಲಿ, ನೀರು ಮುಟ್ಟುವುದು ಚರ್ಮದ ಮೇಲಿರುವ ಕೂದಲನ್ನು. ಕೂದಲು ಹುಟ್ಟುವ ಜಾಗ ಚರ್ಮದೊಳಗೆ ಮೂರು ನಾಲ್ಕು ಮಿಲಿಮೀಟರ್ ಆಳದಲ್ಲಿದೆ. ಅನುಮಾನವಿದ್ದವರು ಬಾತ್‌ರೂಮಿನ ಜಾಲರಿ ಮೇಲಿನ ನಾಲ್ಕು ಎಳೆ ಎತ್ತಿ ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಉದುರಿದ್ದು, ನೀರಿಗೆ ಸಂಬಂಧವಿಲ್ಲ. ಎರಡೂ ತುದಿ ಬೋಳಾಗಿದ್ದರೆ ಮುರಿದದ್ದು. ದಶಕಗಳಿಂದ ಕಾವೇರಿ ನೀರೇ ಮೀಯುತ್ತಿರುವ ಜಯನಗರ 3ನೇ ಬ್ಲಾಕಿನ ಅಜ್ಜಿಯರ ಬೈತಲೆಯೂ ಅಗಲವಾಗಿಯೇ ಇದೆ. ವಾಟರ್ ಸಾಫ್ಟನರ್ ಹಾಕಿಸುವುದಾದರೆ ಹಾಕಿಸಿ, ಗೀಸರ್ ಬಾಳಿಕೆ ಬರುತ್ತದೆ.

ಹಾಗಾದರೆ ಒಳಗೆ ಆಗುವುದೇನು? ತಲೆಯ ಮೇಲೆ ಸುಮಾರು ಒಂದು ಲಕ್ಷ ರೋಮಕೂಪಗಳು. ಒಂದೊಂದಕ್ಕೂ ಅದರದೇ ಪಂಚಾಂಗ: ಎರಡರಿಂದ ಆರು ವರ್ಷ ಬೆಳವಣಿಗೆ, ಎರಡು ಮೂರು ವಾರ ಹಿಂಜರಿಕೆ, ಮೂರು ತಿಂಗಳಷ್ಟು ವಿಶ್ರಾಂತಿ, ಆಮೇಲೆ ಉದುರು. ಹೀಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವೇ. ತೊಂದರೆ ಎರಡು ದಾರಿಯಲ್ಲಿ ಬರುತ್ತದೆ. ಡೆಂಗಿಯೋ ಟೈಫಾಯ್ಡೋ ಆಪರೇಷನ್ನೋ ಹೆರಿಗೆಯೋ ಆದ ಎರಡು ಮೂರು ತಿಂಗಳಿಗೆ ರೋಮಕೂಪಗಳು ಗುಂಪಾಗಿ ವಿಶ್ರಾಂತಿಗೆ ಹೊರಟು ಕೂದಲು ಹಿಡಿಹಿಡಿಯಾಗಿ ಬರುವುದು ಒಂದು. ಟೆಲೋಜನ್ ಎಫ್ಲುವಿಯಂ ಎಂದು ಅದರ ಹೆಸರು. ನೋಡಲು ಭಯ ಹುಟ್ಟಿಸಿದರೂ ಕಾರಣ ಕಳೆದರೆ ಆರು ತಿಂಗಳ ಸುಮಾರಿಗೆ ನಿಲ್ಲುತ್ತದೆ. ಬಾಣಂತನದಲ್ಲಿ ಉದುರಿದ ಕೂದಲು ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹಣೆ ಮೇಲೆ ಚಿಗುರಿದ್ದು ಎಷ್ಟೋ ತಾಯಂದಿರಿಗೆ ನೆನಪಿರಬಹುದು.

ಇನ್ನೊಂದು ಸದ್ದಿಲ್ಲದ್ದು. ಅಲ್ಲಿ ರೋಮಕೂಪವೇ ಕುಗ್ಗುತ್ತ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಬೆಳವಣಿಗೆಯ ಅವಧಿ ಕಿರಿದು, ಬರುವ ಎಳೆ ಮೊದಲಿಗಿಂತ ತೆಳು, ಗಿಡ್ಡ, ಬಣ್ಣಗೇಡಿ. ಉದುರುವುದು ಹೆಚ್ಚಾಗದೆಯೂ ತಲೆ ಖಾಲಿಯಾಗುತ್ತದೆ. ಗಂಡಸರ ಹಾಗೆ ಹಣೆ ಹಿಂದೆ ಸರಿಯುವುದಿಲ್ಲ. ಮುಂದಿನ ಸಾಲು ಹಾಗೇ ಉಳಿದು ನೆತ್ತಿ ತೆಳುವಾಗುತ್ತದೆ. ಜರ್ಮನಿಯ ಚರ್ಮವೈದ್ಯ ಎರಿಕ್ ಲುಡ್ವಿಗ್ 1977ರಲ್ಲಿ ಇದನ್ನು ಮೂರು ಮಟ್ಟಗಳಾಗಿ ಚಿತ್ರ ಬರೆದು ತೋರಿಸಿದ. ಇಂದಿಗೂ ಡಾಕ್ಟರು “ಲುಡ್ವಿಗ್ ಒಂದು”, “ಲುಡ್ವಿಗ್ ಎರಡು” ಎಂದು ಬರೆಯುವುದು ಅದನ್ನೇ. ಈಸ್ಟ್ರೋಜನ್ ಇಳಿದಾಗ ಅದರ ಕಾವಲು ತಪ್ಪಿ ಆಂಡ್ರೋಜನ್ನಿನ ಮಾತು ನಡೆಯುತ್ತದೆ ಎಂಬುದು ಸಾಮಾನ್ಯವಾದ ವಿವರಣೆ. ಆದರೆ ಇದು ಬಂದ ಹೆಚ್ಚಿನ ಹೆಂಗಸರ ರಕ್ತದಲ್ಲಿ ಆಂಡ್ರೋಜನ್ ಮಟ್ಟ ಸಹಜವಾಗಿಯೇ ಇರುತ್ತದೆ. “ಗಂಡು ಹಾರ್ಮೋನು ಜಾಸ್ತಿ ಆಗಿದೆಯಂತೆ” ಎಂದು ಕುಗ್ಗುವವರಿಗೆ ಇದನ್ನು ಯಾರಾದರೂ ಹೇಳಬೇಕು. ಬಳುವಳಿಯೂ ಅಷ್ಟೆ: ತಾಯಿಯ ಅಪ್ಪನಿಂದ ಬರುತ್ತದೆ ಎಂಬ ನಂಬಿಕೆ ಅರ್ಧ ಸತ್ಯ, ಎರಡೂ ಕಡೆಯಿಂದ ಬರುತ್ತದೆ.

ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಈ ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಗೊಂದಲವೆಲ್ಲ ಇಲ್ಲೇ. ಬುಡ ಕುಗ್ಗುವುದು ಒಳಗೊಳಗೇ ಐದಾರು ವರ್ಷದಿಂದ ನಡೆದಿರುತ್ತದೆ. ಗೊತ್ತಾಗುವುದು ವಿಪರೀತ ರಕ್ತಸ್ರಾವವಾಗಿ ಕಬ್ಬಿಣಾಂಶ ತಳಮುಟ್ಟಿ ಕೂದಲು ಒಮ್ಮೆಗೇ ಸುರಿದಾಗ. ಸುರಿದದ್ದರಲ್ಲಿ ಒಂದಷ್ಟು ಮರಳಿ ಬರುತ್ತದೆ, ಪೂರ್ತಿ ಬರುವುದಿಲ್ಲ. ಬಂದಷ್ಟಕ್ಕೆ ಆ ಹೊತ್ತಿನಲ್ಲಿ ಹಚ್ಚುತ್ತಿದ್ದ ಎಣ್ಣೆಗೆ ಕೀರ್ತಿ, ಬಾರದ್ದಕ್ಕೆ ನೀರಿಗೆ ಶಾಪ.

ಕಬ್ಬಿಣದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಅದು ಹಿಮೋಗ್ಲೋಬಿನ್ನಿನ ಲೆಕ್ಕ. ಹಿಮೋಗ್ಲೋಬಿನ್ 12 ಇದ್ದು ದೇಹದ ಕಬ್ಬಿಣದ ಉಗ್ರಾಣ ಖಾಲಿಯಾಗಿರುವವರು ಈ ಲೆಕ್ಕದ ಆಚೆ. ಉಗ್ರಾಣದ ಅಳತೆ ಫೆರಿಟಿನ್ ಎಂಬ ಬೇರೆ ಪರೀಕ್ಷೆಯಲ್ಲಿ ಸಿಗುತ್ತದೆ. ಲ್ಯಾಬಿನ ಚೀಟಿಯಲ್ಲಿ 15 ಬಂದರೂ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ. ಕೂದಲು ನೋಡುವ ಡಾಕ್ಟರುಗಳಲ್ಲಿ ಅನೇಕರು 30, 40ಕ್ಕಿಂತ ಮೇಲಿರಲಿ ಅನ್ನುತ್ತಾರೆ. ನನ್ನದು 9 ಇತ್ತು. ಹಿಮೋಗ್ಲೋಬಿನ್ 11.8 ನೋಡಿ ಎರಡು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ನಾನೂ ಸೇರಿ.

ಮಾತ್ರೆ ನುಂಗಿದರೂ ಏರದಿರಲು ನಮ್ಮ ಭಾಗದಲ್ಲಿ ಒಂದು ರುಚಿಯಾದ ಕಾರಣವಿದೆ: ಫಿಲ್ಟರ್ ಕಾಫಿ. ಇಡ್ಲಿ ಮುಗಿದ ತಟ್ಟೆ ಎತ್ತುವ ಮುಂಚೆ ಲೋಟ ಬರಬೇಕು. ಕಾಫಿ, ಟೀ ಎರಡೂ ಊಟದಲ್ಲಿನ ಮತ್ತು ಮಾತ್ರೆಯಲ್ಲಿನ ಕಬ್ಬಿಣ ಹೀರದಂತೆ ತಡೆಯುತ್ತವೆ. ಒಂದು ಗಂಟೆ ಅಂತರ ಇಟ್ಟರೆ ಸಾಕು. ಕಾಫಿ ಬಿಡಬೇಕಾಗಿಲ್ಲ, ಬಿಡಿ ಎಂದರೆ ಯಾರು ಕೇಳುತ್ತಾರೆ. ಆದರೆ ರಕ್ತ ಹೋಗುತ್ತಲೇ ಇದ್ದರೆ ಮಾತ್ರೆ ತೂತಿನ ಕೊಡಕ್ಕೆ ಹಾಕಿದ ನೀರು. ಫೈಬ್ರಾಯ್ಡ್ ಇದೆಯೇ, ಗರ್ಭಕೋಶದ ಒಳಪದರ ದಪ್ಪವಾಗಿದೆಯೇ ಎಂದು ನೋಡಿಸಲೇಬೇಕು. ಅತಿಸ್ರಾವಕ್ಕೆಂದು ಗರ್ಭಕೋಶದೊಳಗೆ ಇಡುವ ಲೆವೊನೊರ್ಜೆಸ್ಟ್ರೆಲ್ ಸಾಧನದಿಂದ ಕೆಲವರಿಗೆ ಕೂದಲು ಉದುರುವುದುಂಟು, ಅದರ ಅಡ್ಡಪರಿಣಾಮಗಳ ಪಟ್ಟಿಯಲ್ಲೇ ಇದೆ. ಹಾಗೆಂದು ತೆಗೆಸಲು ಓಡಬೇಡಿ. ಸ್ರಾವ ನಿಂತು ಕಬ್ಬಿಣ ಉಳಿಯುವ ಲಾಭ ಅದಕ್ಕಿಂತ ದೊಡ್ಡದಾಗಿರಬಹುದು. ಇಟ್ಟ ಡಾಕ್ಟರನ್ನೇ ಕೇಳಿ.

ಥೈರಾಯ್ಡ್ ಪರೀಕ್ಷೆ ಎಲ್ಲರೂ ಮಾಡಿಸುತ್ತಾರೆ, ಒಳ್ಳೆಯದು. ಆದರೆ ‘ಕೂದಲಿಗೆ’ ಎಂದು ಬಯೋಟಿನ್ ಮಾತ್ರೆಯನ್ನೋ ಗಮ್ಮಿಯನ್ನೋ ತಿನ್ನುತ್ತಲೇ ಲ್ಯಾಬಿಗೆ ಹೋಗುತ್ತಾರೆ. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳನ್ನೇ ದಾರಿ ತಪ್ಪಿಸುತ್ತದೆ: ಟಿಎಸ್‌ಎಚ್ ಇಲ್ಲದಷ್ಟು ಕಡಿಮೆ ತೋರಬಹುದು, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಕೂಡ ಸುಳ್ಳು ಹೇಳಬಹುದು. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಎನ್ನಲು ಗಟ್ಟಿ ಆಧಾರವೂ ಇಲ್ಲ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಎಲ್ಲ ತೆಳು ತಲೆಯೂ ಇದೇ ಅಲ್ಲ ಎಂಬುದನ್ನೂ ಹೇಳಿ ಮುಂದೆ ಹೋಗುತ್ತೇನೆ. ಹಣೆಯ ಮೇಲಿನ ಸಾಲೇ ಹಿಂದೆ ಸರಿದು, ಆ ಜಾಗ ನುಣ್ಣಗೆ ಹೊಳೆದು, ಜೊತೆಗೆ ಹುಬ್ಬೂ ತೆಳುವಾದರೆ ಅದು ಆಸ್ಟ್ರೇಲಿಯದ ಸ್ಟೀವನ್ ಕೊಸಾರ್ಡ್ 1994ರಲ್ಲಿ ವಿವರಿಸಿದ ಬೇರೆಯದೇ ರೋಗ ಇರಬಹುದು. ಅಲ್ಲಿ ರೋಮಕೂಪ ಸುಟ್ಟ ಗಾಯದಂತೆ ಮುಚ್ಚಿಹೋಗುತ್ತದೆ, ಹೋದದ್ದು ಬರುವುದಿಲ್ಲ, ತಡಮಾಡಬಾರದು. ಕಿವಿಯ ಮೇಲುಗಡೆ, ಹಣೆಯ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಬಿಗಿ ಜಡೆಯ ಎಳೆತ. ದನಿ ಗಡಸಾಗಿ, ಗಡ್ಡ ಮೀಸೆಯ ಜಾಗದಲ್ಲಿ ಕೂದಲು ದಿಢೀರನೆ ದಟ್ಟವಾದರೆ ಹಾರ್ಮೋನು ಪರೀಕ್ಷೆ ಆಗಲೇಬೇಕು. ಇದನ್ನೆಲ್ಲ ಬೇರ್ಪಡಿಸುವುದು ಬ್ಯೂಟಿ ಪಾರ್ಲರಿನ ಕೆಲಸವಲ್ಲ. ವಿ.ವಿ. ಪುರದ ಕಿಮ್ಸ್‌ನಲ್ಲೂ, ಕೆ.ಆರ್. ಮಾರುಕಟ್ಟೆ ಹತ್ತಿರದ ವಿಕ್ಟೋರಿಯಾದಲ್ಲೂ ಚರ್ಮರೋಗ ವಿಭಾಗಗಳಿವೆ. ಸಾಲಿನಲ್ಲಿ ಕಾಯಬೇಕು, ಅಷ್ಟೆ. ಖಾಸಗಿ ಕ್ಲಿನಿಕ್ಕಿಗೆ ಹೋಗುವುದಾದರೆ ಬೋರ್ಡಿನಲ್ಲಿ ಡರ್ಮಟಾಲಜಿ ಪದವಿ ಇದೆಯೇ ನೋಡಿ. ‘ಟ್ರೈಕಾಲಜಿಸ್ಟ್’ ಎಂಬ ಹೆಸರೊಂದೇ ವೈದ್ಯ ಪದವಿಯ ಗುರುತಲ್ಲ. ಒಳ್ಳೆಯ ಡಾಕ್ಟರು ಭೂತಗನ್ನಡಿಯಂಥ ಉಪಕರಣವನ್ನು ನೆತ್ತಿಗೆ ಹಿಡಿದು ನೋಡುತ್ತಾರೆ. ದಪ್ಪ ಎಳೆಗಳ ನಡುವೆ ತೆಳು ಎಳೆಗಳು ಬೆರೆತು ಕಂಡರೆ ಬುಡ ಕುಗ್ಗುತ್ತಿದೆ ಎಂದೇ ಅರ್ಥ.

ಇನ್ನು ಔಷಧ. ಹೆಂಗಸರ ಈ ತೊಂದರೆಗೆ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿ ಉಳಿದಿರುವುದು ಮಿನಾಕ್ಸಿಡಿಲ್. 1979ರಲ್ಲಿ ಅಮೆರಿಕದಲ್ಲಿ ರಕ್ತದೊತ್ತಡದ ಮಾತ್ರೆಯಾಗಿ ಬಂದದ್ದು. ನುಂಗಿದವರ ಮುಖ, ಕೈಗಳ ಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರವವಾಯಿತು. 1988ರಲ್ಲಿ ಗಂಡಸರಿಗೆ, 1991ರಲ್ಲಿ ಶೇಕಡಾ 2ರ ದ್ರವ ಹೆಂಗಸರಿಗೆ, 2014ರಲ್ಲಿ ದಿನಕ್ಕೊಮ್ಮೆ ಹಚ್ಚುವ ಶೇಕಡಾ 5ರ ನೊರೆ ಹೆಂಗಸರಿಗೆ ಒಪ್ಪಿಗೆ ಸಿಕ್ಕಿತು. ಕೊಕ್ರೇನ್ ಸಂಸ್ಥೆ 2016ರಲ್ಲಿ 47 ಪ್ರಯೋಗಗಳನ್ನೂ 5,290 ಜನರ ಮಾಹಿತಿಯನ್ನೂ ಜರಡಿ ಹಿಡಿದಾಗ, ಇದು ಹುಸಿ ಔಷಧಿಗಿಂತ ಖಂಡಿತ ಮೇಲು ಎಂದೂ, ಶೇಕಡಾ 2ಕ್ಕೂ 5ಕ್ಕೂ ಅಂಥ ದೊಡ್ಡ ವ್ಯತ್ಯಾಸ ಕಾಣದೆಂದೂ ಬರೆಯಿತು.

ಪುಸ್ತಕದಲ್ಲಿ ಇಷ್ಟು. ಬಾಳುವೆ ಬೇರೆ. ಮೊದಲ ಎರಡು ತಿಂಗಳು ಕೂದಲು ಮೊದಲಿಗಿಂತ ಹೆಚ್ಚು ಉದುರುತ್ತದೆ, ಏಕೆಂದರೆ ವಿಶ್ರಾಂತಿಯಲ್ಲಿದ್ದ ಹಳೆಯ ಎಳೆಗಳನ್ನು ಹೊಸವು ನೂಕಿ ಹೊರಬರುತ್ತವೆ. ನನ್ನ ಪರಿಚಯದ ಐದು ಜನರಲ್ಲಿ ಮೂವರು ಇಲ್ಲೇ ಬಾಟಲಿ ಎಸೆದರು. ಗುಣ ತಿಳಿಯಲು ಕನಿಷ್ಠ ನಾಲ್ಕರಿಂದ ಆರು ತಿಂಗಳು ಬೇಕು, ಒಂದು ವರ್ಷ ಕೊಟ್ಟರೆ ನ್ಯಾಯ. ಹಚ್ಚುವುದು ಕೂದಲಿಗಲ್ಲ, ಬೈತಲೆ ತೆಗೆದು ಚರ್ಮಕ್ಕೆ. ಅದೂ ಒಣಗಿದ, ಎಣ್ಣೆಯಿಲ್ಲದ ಚರ್ಮಕ್ಕೆ. ನಮ್ಮ ಮನೆಗಳಲ್ಲಿ ಎಡವುವುದು ಇಲ್ಲಿ. ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕಿ ಅದರ ಮೇಲೆ ಔಷಧಿ ಹನಿಸಿದರೆ ಎರಡೂ ದಂಡ. ವಾರಕ್ಕೊಂದು ದಿನ ಎಣ್ಣೆಗೆ, ಉಳಿದ ದಿನ ಔಷಧಿಗೆ ಎಂದು ನಾನು ಒಪ್ಪಂದ ಮಾಡಿಕೊಂಡೆ. ಮಲಗುವ ಎರಡು ಮೂರು ಗಂಟೆ ಮೊದಲೇ ಹಚ್ಚಬೇಕು, ಇಲ್ಲದಿದ್ದರೆ ದಿಂಬಿಗೆ ಅಂಟಿ ಅಲ್ಲಿಂದ ಕೆನ್ನೆಗೆ ಅಂಟಿ ಕೆನ್ನೆಯ ಮೇಲೆ ಬೆಳೆ ಬರುತ್ತದೆ. ತಲೆ ತುರಿಸಿ ಹೊಟ್ಟೇಳುವವರಿಗೆ ದ್ರವದಲ್ಲಿನ ಪ್ರೊಪಿಲೀನ್ ಗ್ಲೈಕಾಲ್ ಒಗ್ಗದಿರುವುದೇ ಹೆಚ್ಚಾಗಿ ಕಾರಣ. ಅದಿಲ್ಲದ ನೊರೆಯ ರೂಪ ಕೇಳಿ ಪಡೆಯಬಹುದು. ಮನೆಯಲ್ಲಿ ಬೆಕ್ಕಿದ್ದರೆ ಕೈ ತೊಳೆಯದೆ ಮುಟ್ಟಬೇಡಿ: ಈ ಔಷಧಿ ಬೆಕ್ಕಿಗೆ ಪ್ರಾಣಾಂತಕ ವಿಷ.

ಇನ್ನೊಂದು ಎಚ್ಚರಿಕೆ, ಗಂಡನ ಬಾಟಲಿಯದು. ಗಂಡಸರಿಗೆ ಮಾರುವ ಕೆಲವು ದ್ರವಗಳಲ್ಲಿ ಮಿನಾಕ್ಸಿಡಿಲ್ ಜೊತೆ ಫಿನಾಸ್ಟರೈಡ್ ಬೆರೆತಿರುತ್ತದೆ. ಗರ್ಭದಲ್ಲಿ ಗಂಡು ಮಗುವಿದ್ದರೆ ಅದರ ಜನನಾಂಗದ ಬೆಳವಣಿಗೆಗೆ ಅದು ಅಪಾಯ. ಈ ವಯಸ್ಸಿಗೆ ಗರ್ಭವೇ ಎಂದು ನಗಬೇಡಿ. ಹನ್ನೆರಡು ತಿಂಗಳು ಸತತ ಮುಟ್ಟು ಬಾರದೆ ಹೋಗುವ ತನಕ ಬಸಿರಾಗುವ ಸಾಧ್ಯತೆ ಇದ್ದೇ ಇದೆ. ಆ ಫಿನಾಸ್ಟರೈಡನ್ನು ಗಂಡಸರಿಗೆ ಕೊಡುವ 1 ಮಿಲಿಗ್ರಾಂ ಪ್ರಮಾಣದಲ್ಲಿ ಮುಟ್ಟು ನಿಂತ 137 ಹೆಂಗಸರಿಗೆ ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದ ಫಲ 2000ದಲ್ಲಿ ಪ್ರಕಟವಾಯಿತು: ಏನೂ ಪ್ರಯೋಜನ ಕಾಣಲಿಲ್ಲ.

ಹಚ್ಚಿ ಹಚ್ಚಿ ಸಾಕಾದವರಿಗೆ ಈಚೆಗೆ ಡಾಕ್ಟರುಗಳು ಮಿನಾಕ್ಸಿಡಿಲ್ಲನ್ನು ಮಾತ್ರೆಯಾಗಿಯೇ ಬರೆಯುತ್ತಿದ್ದಾರೆ, ರಕ್ತದೊತ್ತಡಕ್ಕೆ ಕೊಡುವುದರ ಸಣ್ಣ ಚೂರಿನಷ್ಟು: ಹೆಂಗಸರಿಗೆ ಸಾಮಾನ್ಯವಾಗಿ 0.25ರಿಂದ 2.5 ಮಿಲಿಗ್ರಾಂ. ಎಫ್‌ಡಿಎ ಒಪ್ಪಿಗೆ ಇದಕ್ಕಿಲ್ಲ, ವೈದ್ಯರ ವಿವೇಚನೆಯ ಮೇಲೆ ನಡೆಯುತ್ತಿದೆ. 1,404 ಜನರನ್ನು ಗಮನಿಸಿದ 2021ರ ವರದಿಯಲ್ಲಿ ಶೇಕಡಾ 15 ಮಂದಿಗೆ ಬೇಡದ ಕಡೆ ಕೂದಲು ಬೆಳೆದಿತ್ತು. ಥ್ರೆಡಿಂಗಿನಲ್ಲಿ ಮುಗಿಯುವ ತೊಂದರೆ ಅದು. ಪಾದ ಊದುವುದು, ಎದೆ ಡವಗುಟ್ಟುವುದು ಹಾಗಲ್ಲ. ಹೃದಯದ ತೊಂದರೆ ಇರುವವರು ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮಾತ್ರೆ ಆಂಡ್ರೋಜನ್ನಿಗೆ ಅಡ್ಡ ನಿಲ್ಲುತ್ತದೆ. ಗರ್ಭಿಣಿಗೆ ಇದೂ ಸಲ್ಲದು. ಮೊದಲೇ ಏರುಪೇರಾದ ಮುಟ್ಟನ್ನು ಇನ್ನಷ್ಟು ಕೆಡಿಸಬಹುದು. ಮುಖ್ಯವಾಗಿ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ನಮ್ಮಲ್ಲಿ ನಲವತ್ತೈದು ದಾಟಿದವರು ಎಷ್ಟೊಂದು ಜನ ಬಿ.ಪಿ.ಗೆಂದು ಟೆಲ್ಮಿಸಾರ್ಟಾನ್ ನುಂಗುತ್ತಾರೆ! ಅದೂ ಪೊಟ್ಯಾಸಿಯಂ ಏರಿಸುವಂಥದ್ದೇ. ಎರಡೂ ನುಂಗಿ, ಬೆಳಗ್ಗೆ ಲಾಲ್‌ಬಾಗಿನಲ್ಲಿ ನಡೆದು ಗೇಟಿನ ಹತ್ತಿರ ದಿನಾ ಒಂದು ಎಳನೀರು ಕುಡಿದರೆ ಮೂರೂ ಒಂದೇ ಕಡೆ ತೂಗುತ್ತವೆ. ಚರ್ಮದ ಡಾಕ್ಟರಿಗೆ ನಿಮ್ಮ ಬಿ.ಪಿ. ಮಾತ್ರೆಯ ಸ್ಟ್ರಿಪ್ ತೋರಿಸಿ. ಹಾರ್ಮೋನು ಚಿಕಿತ್ಸೆಯ ವಿಚಾರ ಚಿಕ್ಕದು: ಮೈ ಬೆಂಕಿಯಾಗುವುದು, ನಿದ್ದೆಗೇಡು ಇಂಥವಕ್ಕೆ ಅದು ಬೇಕಾಗಬಹುದು, ಕೂದಲಿಗೆಂದೇ ಯಾರೂ ಬರೆಯುವುದಿಲ್ಲ.

ಎಣ್ಣೆಯ ಬಗ್ಗೆ ಬರೆಯದಿದ್ದರೆ ನನ್ನ ಅತ್ತೆ ಕ್ಷಮಿಸುವುದಿಲ್ಲ. ಆಯುರ್ವೇದದಲ್ಲಿ ಕೂದಲು ಉದುರುವುದಕ್ಕೆ ಖಾಲಿತ್ಯ ಎಂಬ ಹೆಸರೇ ಇದೆ. ಗರುಗದ ಸೊಪ್ಪು, ನೆಲ್ಲಿಕಾಯಿ, ಕರಿಬೇವು, ದಾಸವಾಳದ ಎಲೆ, ಮಲೆನಾಡಿನವರ ಮತ್ತಿ ಸೊಪ್ಪಿನ ಲೋಳೆ, ಗ್ರಂಥಿಗೆ ಅಂಗಡಿಯ ಸೀಗೆ, ಅಂಟುವಾಳ ಎಲ್ಲಕ್ಕೂ ನಮ್ಮ ಬಚ್ಚಲಲ್ಲಿ ಹಕ್ಕಿನ ಜಾಗ. ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು ಅದರ ಪ್ರೋಟೀನ್ ಸೋರುವುದನ್ನು ತಡೆಯುತ್ತದೆ ಎಂದು 2003ರ ಸಂಶೋಧನೆಯೊಂದು ತೋರಿಸಿದೆ. ಅಂದರೆ ಇದ್ದ ಕೂದಲು ಮುರಿಯುವುದು ಕಡಿಮೆ. ಕುಗ್ಗಿದ ಬುಡವನ್ನು ಅದು ಹಿಗ್ಗಿಸುವುದಿಲ್ಲ. ರೀಲ್ಸಿನಲ್ಲಿ ಮೆರೆಯುತ್ತಿರುವ ರೋಸ್‌ಮೆರಿ ಎಣ್ಣೆಯ ಕೀರ್ತಿ ನಿಂತಿರುವುದು 2015ರಲ್ಲಿ ಇರಾನಿನಲ್ಲಿ ನಡೆದ ನೂರು ಜನರ ಆರು ತಿಂಗಳ ಪ್ರಯೋಗದ ಮೇಲೆ. ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ‘ಆದಿವಾಸಿ ಎಣ್ಣೆ’ ಸಿನಿಮಾ ತಾರೆಯರ ಕೈ ಸೇರಿ ದೇಶವಿಡೀ ಹೋಯಿತು. ಅಲೆಮಾರಿಗಳಾಗಿ ಬೇರು ನಾರು ಮಾರುತ್ತಿದ್ದವರ ಮನೆ ಬೆಳಗಿದ್ದಕ್ಕೆ ನನಗೆ ಸಂತೋಷವಿದೆ. ಜಾಹೀರಾತಿನ ಮೊಣಕಾಲುದ್ದದ ಕೂದಲಿಗೆ ಎಣ್ಣೆಗಿಂತ ಹುಟ್ಟುಗುಣ ಹೆಚ್ಚಿನ ಕಾರಣ ಎಂಬುದು ನನ್ನ ಅಂಬೋಣ.

ಎಣ್ಣೆಗೆ ಹೋಗುವುದು ನೂರುಗಳ ಲೆಕ್ಕ. ಕ್ಲಿನಿಕ್ಕಿಗೆ ಸಾವಿರಗಳ ಲೆಕ್ಕ. ಔಟರ್ ರಿಂಗ್ ರೋಡಿನ ಉದ್ದಕ್ಕೂ ಕೂದಲಿನ ಕ್ಲಿನಿಕ್ಕುಗಳ ಬೋರ್ಡುಗಳು. ಹೆಸರು ಬೇಡ, ಒಂದು ಕಡೆ ನಾನು ಹೋದಾಗ ನನ್ನ ತಲೆ ನೋಡಿದ್ದು ಡಾಕ್ಟರಲ್ಲ, ಟ್ಯಾಬ್ ಹಿಡಿದ ಹುಡುಗಿ. ರಕ್ತ ಪರೀಕ್ಷೆಯ ಮಾತಿಲ್ಲ. ಎಂಟು ಸಲದ ಪಿಆರ್‌ಪಿ ಪ್ಯಾಕೇಜು, ಕಂತಿನಲ್ಲಿ ಕಟ್ಟಬಹುದು, “ಇವತ್ತೇ ಮಾಡಿದ್ರೆ ಡಿಸ್ಕೌಂಟ್ ಮ್ಯಾಮ್”. ನಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ನೆತ್ತಿಗೆ ಚುಚ್ಚುವುದು ಪಿಆರ್‌ಪಿ. ಕೆಲವು ಅಧ್ಯಯನಗಳಲ್ಲಿ ಲಾಭ ಕಂಡಿದೆ, ಕೆಲವದರಲ್ಲಿ ಇಲ್ಲ. ಎಷ್ಟು ಸಲ, ಎಷ್ಟು ಅಂತರದಲ್ಲಿ ಎಂಬುದಕ್ಕೆ ಒಮ್ಮತವಿಲ್ಲ. ಔಷಧಿಯ ಜೊತೆಗೆ ಸೇರಿಸಿಕೊಳ್ಳಬಹುದೇ ಹೊರತು ಅದರ ಬದಲಿಗಲ್ಲ. ಕೂದಲು ನಾಟಿ ಹೆಂಗಸರಲ್ಲಿ ಕೆಲವರಿಗೆ ಮಾತ್ರ ಹೊಂದುತ್ತದೆ, ಏಕೆಂದರೆ ಸಸಿ ಕೀಳಬೇಕಾದ ಹಿಂದಲೆಯೂ ಅನೇಕರಲ್ಲಿ ತೆಳುವಾಗಿರುತ್ತದೆ. ಯೂಟ್ಯೂಬ್ ನೋಡಿ ಕಲಿತವರು ನಾಟಿಗೆ ಕೈ ಹಾಕಬಾರದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದು ಹೇಳಬೇಕಾಗಿ ಬಂತು ಎಂದರೆ ಊಹಿಸಿಕೊಳ್ಳಿ. ಕಾನೂನಂತೂ ಹಳೆಯದು: 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುತ್ತೇವೆಂದು ಯಾವ ಔಷಧಿಯೂ ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯಿದೆ. ಬೋಳುತಲೆ ಅದರಲ್ಲಿದೆ, ಹೊಸ ಕೂದಲು ಬೆಳೆಸುವುದೂ ಇದೆ. ‘ನೂರಕ್ಕೆ ನೂರು ಗ್ಯಾರಂಟಿ’ ಎಂಬ ಬೋರ್ಡು ಕಂಡರೆ ಆಚೆ ನಡೆಯಲು ಅಷ್ಟು ಸಾಕು.

ಗಂಡಸು ಬೋಳಾದರೆ ತಮಾಷೆ. ಹೆಂಗಸು ತೆಳುವಾದರೆ ಏಕಿಷ್ಟು ದಿಗಿಲು? ನಮ್ಮಲ್ಲಿ ಹೆಂಗಸಿನ ಕೂದಲು ಬರೀ ಕೂದಲಾಗಿರಲಿಲ್ಲ. ಗಂಡ ಸತ್ತರೆ ತಲೆ ಬೋಳಿಸುತ್ತಿದ್ದ ಕಾಲದಲ್ಲಿ ‘ಸಕೇಶಿ’ ಎಂಬ ಪದವೇ ಇತ್ತು, ಬೋಳಿಸದೆ ಉಳಿದ ವಿಧವೆಗೆ. ತಲೆ ಬೋಳಿಸಿದ ವಿಧವೆಯ ಕಥೆ ಹೇಳುವ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಬಂದದ್ದು 1976ರಲ್ಲಿ. ಅದನ್ನು ಓದಿ ಅತ್ತ ನನ್ನ ಅಜ್ಜಿ ತನ್ನ ಸೋದರತ್ತೆಯ ಬೋಳು ತಲೆಯನ್ನು ಕಣ್ಣಾರೆ ಕಂಡಿದ್ದವರು. ತುಂಬಿದ ತುರುಬಿಗೂ ಮುತ್ತೈದೆತನಕ್ಕೂ ಬಿದ್ದ ಆ ಗಂಟು ಎರಡು ತಲೆಮಾರಿನಲ್ಲಿ ಬಿಚ್ಚುವುದಿಲ್ಲ. ಗೃಹಪ್ರವೇಶದ ಪಂಕ್ತಿಯಲ್ಲಿ “ಏನೇ, ಅಷ್ಟು ದಪ್ಪ ಜಡೆ ಇತ್ತಲ್ಲೇ, ಯಾರ ಕಣ್ಣು ಬಿತ್ತೋ” ಎಂದು ಕೇಳುವ ದೊಡ್ಡಮ್ಮನಿಗೆ ಕೆಟ್ಟ ಮನಸ್ಸಿಲ್ಲ. ಆದರೂ ಆಮೇಲೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಮರೆಮಾಚುವುದೂ ಒಂದು ಉಪಾಯ, ಅದರಲ್ಲಿ ಅವಮಾನವೇನಿಲ್ಲ. ನೇರ ಬೈತಲೆ ಬಿಟ್ಟು ಓರೆ ಬೈತಲೆ, ನೆತ್ತಿಗೆ ಉದುರಿಸುವ ಕಪ್ಪು ನಾರಿನ ಪುಡಿ, ಕ್ಲಿಪ್ಪಿನ ಟಾಪರ್. ಚೌರಿ ಮಾತ್ರ ಜೋಪಾನ. ತೆಳುಗೂದಲಿಗೆ ಭಾರದ ಚೌರಿ ಕಟ್ಟಿ ಬಿಗಿದರೆ ಇದ್ದದ್ದೂ ಬುಡಸಮೇತ ಬರುತ್ತದೆ. ಮಾಧವನ್ ಪಾರ್ಕಿನ ಬೆಳಗಿನ ನಡಿಗೆಯಲ್ಲಿ ಈಗ ಬಾಬ್ ಕಟ್ ಮಾಡಿಸಿಕೊಂಡ ಅರವತ್ತರವರು ಎಷ್ಟೋ ಜನ ಸಿಗುತ್ತಾರೆ. ಗಿಡ್ಡ ಕೂದಲು ದಟ್ಟವಾಗಿ ಕಾಣುತ್ತದೆ, ಒಣಗುವುದೂ ಬೇಗ.

ವರ್ಷಗಟ್ಟಲೆ ನಡೆಯಬೇಕಾದ ಕೆಲಸ ಇದು. ಮಿನಾಕ್ಸಿಡಿಲ್ ಬಿಟ್ಟರೆ ಅದು ಉಳಿಸಿಕೊಟ್ಟದ್ದು ಮೂರರಿಂದ ಆರು ತಿಂಗಳಲ್ಲಿ ಹೋಗುತ್ತದೆ. ಹಾಗಾಗಿ ಶುರು ಮಾಡುವ ಮುಂಚೆಯೇ ಇದರ ತಿಂಗಳ ಖರ್ಚನ್ನು ನಾಲ್ಕಾರು ವರ್ಷಕ್ಕೆ ಗುಣಿಸಿ ನೋಡಿಕೊಳ್ಳಬೇಕು; ತಾಳುವುದಿಲ್ಲ ಎನಿಸಿದರೆ ಹಚ್ಚದೇ ಇರುವುದೂ ಒಂದು ತೀರ್ಮಾನವೇ, ಇದರಿಂದ ಯಾರ ಆಯುಸ್ಸೂ ಕಡಿಮೆಯಾಗುವುದಿಲ್ಲ. ಹಚ್ಚುವವರು ಮೂರು ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಬೆಳಕು, ಅದೇ ಬೈತಲೆಯಲ್ಲಿ ನೆತ್ತಿಯ ಫೋಟೋ ತೆಗೆಯಿರಿ. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ನನ್ನ ಫೋನಿನಲ್ಲಿ ಹನ್ನೆರಡು ಫೋಟೋ ಇವೆ. ಮೊದಲ ಐದರಲ್ಲಿ ದಾರಿ ಒಂದಿಷ್ಟು ಕಿರಿದಾಗಿದೆ. ಆಮೇಲಿನ ಏಳೂ ಒಂದೇ ಥರ. ಡಾಕ್ಟರು ಅವನ್ನು ನೋಡಿ “ಬಹಳ ಚೆನ್ನಾಗಿದೆ” ಅಂದಾಗ ಮೊದಲು ಸಿಟ್ಟು ಬಂತು. ಇದ್ದ ಹಾಗೇ ಇರುವುದೇ ಗೆಲುವು ಎಂದು ಒಪ್ಪಲು ನನಗೆ ಒಂದು ವರ್ಷ ಹಿಡಿಯಿತು.

ಕೊನೆಗೆ ಒಂದು ವಿನಂತಿ, ಓದುಗರಿಗಿಂತ ಹೆಚ್ಚಾಗಿ ಸ್ತ್ರೀರೋಗ ತಜ್ಞರಿಗೆ. ಅತಿಸ್ರಾವ ಎಂದು ನಿಮ್ಮಲ್ಲಿಗೆ ಬಂದ ನಲವತ್ತು ದಾಟಿದ ಹೆಂಗಸು ಕೂದಲಿನ ಮಾತನ್ನು ಎತ್ತುವುದಿಲ್ಲ, ಸಣ್ಣ ವಿಷಯವೆಂದು ನಾಚುತ್ತಾಳೆ. ಅದೇ ಹೆಂಗಸು ಚರ್ಮದ ಡಾಕ್ಟರ ಹತ್ತಿರ ಮುಟ್ಟಿನ ಮಾತು ಎತ್ತುವುದಿಲ್ಲ. ಹಿಮೋಗ್ಲೋಬಿನ್ ಬರೆಯುವ ಚೀಟಿಯಲ್ಲೇ ಫೆರಿಟಿನ್ ಎಂದೂ ಬರೆಯಿರಿ.